ಹೆಡ್ಸ್-ಅಪ್ ನೋ-ಲಿಮಿಟ್ ಪೋಕರ್‌ನ ನಿರ್ಣಾಯಕ ಕೈಗಳನ್ನು ವಿಶ್ಲೇಷಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಇಬ್ಬರೇ ಕೂತು ಆಡುವ ನೋ-ಲಿಮಿಟ್ ಹೋಲ್ಡೆಮ್‌ನ ನಿಯಮ ಗೊತ್ತಿದ್ದು, ಆಡಿ ಮುಗಿದ ಕೈಗಳನ್ನು ಬಿಡಿಸಿ ನೋಡಬೇಕೆನ್ನುವವರಿಗೆ ಈ ಪುಟ. ಎಲೆಗಳನ್ನು ಚಿಕ್ಕದಾಗಿ ಬರೆದಿದ್ದೇವೆ: ಎ ಅಂದರೆ ಎಕ್ಕ, ಕೆ ರಾಜ, ಕ್ಯೂ ರಾಣಿ, ಜೆ ಗುಲಾಮ. ಪಾಟ್, ಬ್ಲೈಂಡ್, ಫ್ಲಾಪ್, ಟರ್ನ್, ರಿವರ್ ಮುಂತಾದ ಪದಗಳು ಟೇಬಲ್‌ನಲ್ಲಿ ಬಳಕೆಯಲ್ಲಿರುವಂತೆಯೇ ಇವೆ.

ಒಂಬತ್ತು ಜನರ ಟೇಬಲ್‌ನಲ್ಲಿ ಕಲಿತದ್ದು ಹೆಡ್ಸ್-ಅಪ್‌ನಲ್ಲಿ ಏಕೆ ಕೈಕೊಡುತ್ತದೆ?

ಮುಖ್ಯ ಕಾರಣ ಬ್ಲೈಂಡ್. ಇಲ್ಲಿ ಪ್ರತಿ ಕೈಯಲ್ಲೂ ನೀವು ಬ್ಲೈಂಡ್ ಹಾಕಿರುತ್ತೀರಿ, ಒಮ್ಮೆ ಅರ್ಧ, ಒಮ್ಮೆ ಪೂರ್ತಿ. ಒಳ್ಳೆಯ ಎಲೆ ಬರಲಿ ಎಂದು ಎಲ್ಲವನ್ನೂ ಫೋಲ್ಡ್ ಮಾಡುತ್ತ ಕೂತರೆ ನೂರು ಕೈಗೆ 75 ಬಿಗ್ ಬ್ಲೈಂಡ್ ಹೋಗುತ್ತದೆ. ಹಾಗಾಗಿ ಇಬ್ಬರೂ ಸಾಧಾರಣ ಎಲೆಗಳನ್ನೂ ಆಡಲೇಬೇಕು. 100 ಬಿಗ್ ಬ್ಲೈಂಡ್ ಸ್ಟ್ಯಾಕ್ ಇದ್ದಾಗ ಬಟನ್‌ನಲ್ಲಿರುವ ಬಲವಾದ ಆಟಗಾರ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಕೈಗಳನ್ನು ರೇಸ್ ಮಾಡುತ್ತಾನೆ. ಜೋಡಿಯಲ್ಲದ ಎರಡು ಎಲೆಗಳಿಗೆ ಫ್ಲಾಪ್‌ನಲ್ಲಿ ಜೋಡಿಯೋ ಅದಕ್ಕಿಂತ ಮೇಲಿನದೋ ಕೂಡುವುದು ಸುಮಾರು ಮೂರರಲ್ಲಿ ಒಂದು ಸಲ ಮಾತ್ರ. ಅಂದರೆ ಹೆಚ್ಚಿನ ಪಾಟ್‌ಗಳಲ್ಲಿ ಇಬ್ಬರ ಬಳಿಯೂ ಹೇಳಿಕೊಳ್ಳುವಂಥದ್ದು ಏನೂ ಇರುವುದಿಲ್ಲ.

ಕೂರುವ ಕ್ರಮವೂ ಬೇರೆ. ಬಟನ್‌ನಲ್ಲಿರುವವನೇ ಸ್ಮಾಲ್ ಬ್ಲೈಂಡ್ ಹಾಕುತ್ತಾನೆ. ಫ್ಲಾಪ್‌ಗೆ ಮೊದಲು ಅವನದೇ ಮೊದಲ ಸರದಿ, ಫ್ಲಾಪ್ ಆದ ಮೇಲೆ ಕೊನೆಯ ಸರದಿ. ಮನೆಯಾಟಗಳಲ್ಲಿ ಬಟನ್‌ಗೆ ಬಿಗ್ ಬ್ಲೈಂಡ್ ಹಾಕಿಸುವುದುಂಟು. ಹಾಗೆ ಆಡಿದ ಕೈಯನ್ನು ಸಾಲ್ವರ್‌ಗೆ, ಅಂದರೆ ಸರಿಯಾದ ಆಟವನ್ನು ಲೆಕ್ಕ ಹಾಕುವ ತಂತ್ರಾಂಶಕ್ಕೆ, ಕೊಟ್ಟರೆ ಬರುವ ಉತ್ತರ ಪೂರ್ತಿ ತಪ್ಪು.

ಎದುರಾಳಿ ಬ್ಲಫ್ ತೋರಿಸಿದ. ಅಂದರೆ ನನ್ನ ಫೋಲ್ಡ್ ತಪ್ಪಾಯಿತೇ?

ಆ ಒಂದು ಎಲೆಜೋಡಿಯಿಂದ ಅದು ತೀರ್ಮಾನವಾಗುವುದಿಲ್ಲ. ಹೋಲ್ಡೆಮ್‌ನಲ್ಲಿ ಎರಡೆಲೆಯ ಸಂಯೋಜನೆಗಳು, ಆಟಗಾರರ ಮಾತಿನಲ್ಲಿ ಕಾಂಬೋಗಳು, ಒಟ್ಟು 1,326. ಅವನು ಅದೇ ದಾರಿಯಲ್ಲಿ ರಿವರ್‌ವರೆಗೆ ತರಬಹುದಾಗಿದ್ದ ಎಲ್ಲ ಕಾಂಬೋಗಳನ್ನು ಎಣಿಸಿ, ನಿಮಗೆ ಸಿಕ್ಕ ಬೆಲೆಗೆ (ಪಾಟ್‌ಗೆ ಹೋಲಿಸಿದರೆ ಕಾಲ್‌ಗೆ ಹಾಕಬೇಕಾದ ಮೊತ್ತಕ್ಕೆ) ಹೋಲಿಸಬೇಕು. ಅವನು ತೋರಿಸಿದ್ದು ಆ ಪಟ್ಟಿಯಲ್ಲಿ ಬ್ಲಫ್‌ಗಳೂ ಇದ್ದವು ಎಂಬುದಕ್ಕೆ ಸಾಕ್ಷಿ, ಅಷ್ಟೇ. ನಿರ್ಧಾರ ತೆಗೆದುಕೊಂಡ ಗಳಿಗೆಯಲ್ಲಿ ನಿಮಗೆ ಗೊತ್ತಿದ್ದ ಸಂಗತಿಗಳಿಂದಲೇ ಆ ನಿರ್ಧಾರವನ್ನು ತೂಗಬೇಕು. ಈ ಪುಟದಲ್ಲಿ ಮುಂದೆ ಬರುವುದೆಲ್ಲ ಈ ತೂಗುವ ಕೆಲಸದ ವಿವರ.

ಯಾವ ಕೈಗಳನ್ನು ವಿಶ್ಲೇಷಣೆಗೆ ಆರಿಸಬೇಕು?

ದೊಡ್ಡ ಪಾಟ್ ಎಂಬ ಒಂದೇ ಕಾರಣಕ್ಕೆ ಆರಿಸಬೇಡಿ. ಎಎ ಮತ್ತು ಕೆಕೆ ಎದುರಾಗಿ 100 ಬ್ಲೈಂಡ್ ಒಳಗೆ ಹೋಯಿತೆಂದರೆ ಅಲ್ಲಿ ಕಲಿಯುವುದು ಏನೂ ಇಲ್ಲ: ಫ್ಲಾಪ್‌ಗೆ ಮೊದಲು ಎಎ ಸುಮಾರು 82% ಗೆಲ್ಲುತ್ತದೆ, ಕೆಕೆ ಇದ್ದವನಿಗೆ ತಪ್ಪಿಸಿಕೊಳ್ಳುವ ದಾರಿಯೂ ಇರಲಿಲ್ಲ. ನೀವು ಹತ್ತು ಸೆಕೆಂಡಿಗಿಂತ ಹೆಚ್ಚು ತಡವರಿಸಿದ ಕೈಗಳನ್ನು ಗುರುತು ಮಾಡಿ. ಜೊತೆಗೆ ಮತ್ತೆ ಮತ್ತೆ ಬರುವ ಸನ್ನಿವೇಶಗಳನ್ನು ಸೇರಿಸಿ: ಬಿಗ್ ಬ್ಲೈಂಡ್‌ನಿಂದ ರೇಸ್‌ಗೆ ಕಾಲ್ ಮಾಡಿ ಫ್ಲಾಪ್‌ನಲ್ಲಿ ಏನೂ ಕೂಡದಿದ್ದಾಗ ಸಣ್ಣ ಬೆಟ್ ಎದುರಾಗುವುದು, ಬಟನ್‌ನಲ್ಲಿ ಎರಡನೇ ಜೋಡಿ ಹಿಡಿದು ಟರ್ನ್‌ನಲ್ಲಿ ಏನು ಮಾಡುವುದೆಂದು ತೋಚದಿರುವುದು. ಒಂದು ಸಂಜೆಯಲ್ಲಿ ಮೂವತ್ತು ಸಲ ಬರುವ ಸನ್ನಿವೇಶದಲ್ಲಿ ಅರ್ಧ ಬ್ಲೈಂಡ್ ಸೋರಿದರೆ, ತಿಂಗಳಿಗೊಮ್ಮೆ ಬರುವ ಭಾರಿ ಪಾಟ್‌ನ ತಪ್ಪಿಗಿಂತ ಅದು ದುಬಾರಿ.

ಕೈ ಮುಗಿದ ಕೂಡಲೇ ಏನೇನು ಬರೆದಿಡಬೇಕು?

ಇಬ್ಬರಲ್ಲಿ ಯಾರ ಸ್ಟ್ಯಾಕ್ ಚಿಕ್ಕದೋ ಅದು, ಬ್ಲೈಂಡ್, ಆಂಟೆ ಇದ್ದರೆ ಆಂಟೆ. ಪ್ರತಿ ಸುತ್ತಿನಲ್ಲೂ ಬೆಟ್‌ಗೆ ಮುಂಚೆ ಪಾಟ್ ಎಷ್ಟಿತ್ತು, ಬೆಟ್ ಎಷ್ಟು. ಬೋರ್ಡಿನ ಎಲೆಗಳು ಸೂಟ್ ಸಮೇತ. ನಿಮ್ಮ ಎಲೆಗಳನ್ನು ಕೊನೆಯಲ್ಲಿ ಬರೆಯಿರಿ, ಆಗ ಎದುರಾಳಿಯ ಕಣ್ಣಿಂದ ನೋಡುವುದು ಸುಲಭ. ಆ ಗಳಿಗೆಯಲ್ಲಿ ಅವನ ಬಗ್ಗೆ ನಿಮಗಿದ್ದ ಅಂದಾಜನ್ನೂ ಒಂದು ಸಾಲಿನಲ್ಲಿ ದಾಖಲಿಸಿ. ಶೋಡೌನ್ ನೋಡಿದ ಮೇಲೆ ಬರೆದ ಅಂದಾಜು ಕೆಲಸಕ್ಕೆ ಬಾರದು, ನೆನಪು ಫಲಿತಾಂಶದ ಕಡೆಗೆ ವಾಲಿಬಿಟ್ಟಿರುತ್ತದೆ.

ಕಾಲ್ ಮಾಡಲು ಎಷ್ಟು ಈಕ್ವಿಟಿ (ಗೆಲ್ಲುವ ಪಾಲು) ಬೇಕು?

ನೀವು ಹಾಕಬೇಕಾದ ಮೊತ್ತವನ್ನು, ಹಾಕಿದ ನಂತರದ ಒಟ್ಟು ಪಾಟ್‌ನಿಂದ ಭಾಗಿಸಿ. ಪಾಟ್ 1,000, ಎದುರಾಳಿಯ ಬೆಟ್ 500 ಎಂದಾದರೆ 500 ಭಾಗಿಸು 2,000, ಅಂದರೆ 25%. ಕೆಳಗಿನ ಲೆಕ್ಕ ಬಾಯಿಪಾಠ ಆಗಿರಬೇಕು:

ಪಾಟ್‌ನ ಮೂರನೇ ಒಂದು ಭಾಗದ ಬೆಟ್: 20%
ಅರ್ಧ ಪಾಟ್: 25%
ಮುಕ್ಕಾಲು ಪಾಟ್: 30%
ಪೂರ್ತಿ ಪಾಟ್: 33.3%
ಒಂದೂವರೆ ಪಾಟ್: 37.5%
ಎರಡು ಪಾಟ್: 40%

ಬೆಟ್ ಎಷ್ಟೇ ದೊಡ್ಡದಾದರೂ ಈ ಸಂಖ್ಯೆ 50% ಮುಟ್ಟುವುದಿಲ್ಲ. ರಿವರ್‌ನಲ್ಲಿ ಇದೇ ಸಂಖ್ಯೆ ಇನ್ನೊಂದು ಮಾತನ್ನೂ ಹೇಳುತ್ತದೆ. ಎದುರಾಳಿ ಸಮತೋಲನದಲ್ಲಿ (ನೀವು ಕಾಲ್ ಮಾಡಿದರೂ ಫೋಲ್ಡ್ ಮಾಡಿದರೂ ವ್ಯತ್ಯಾಸವಾಗದಂತೆ) ಆಡುತ್ತಿದ್ದರೆ ಅವನ ಬೆಟ್‌ಗಳಲ್ಲಿ ಬ್ಲಫ್‌ನ ಪಾಲು ಸರಿಯಾಗಿ ಇಷ್ಟೇ ಇರುತ್ತದೆ. ಪಾಟ್‌ನಷ್ಟು ಬೆಟ್ ಮಾಡಿದಾಗ ಎರಡು ನಿಜಕ್ಕೆ ಒಂದು ಬ್ಲಫ್.

ಎದುರಾಳಿಯ ಬ್ಲಫ್ ಲಾಭವಾಗದಂತೆ ನಾನು ಎಷ್ಟು ಸಲ ಕಾಲ್ ಮಾಡಬೇಕು?

ಪಾಟ್ ಅನ್ನು, ಪಾಟ್ ಮತ್ತು ಬೆಟ್ ಕೂಡಿದ ಮೊತ್ತದಿಂದ ಭಾಗಿಸಿ. ಅರ್ಧ ಪಾಟ್ ಬೆಟ್‌ಗೆ ನಿಮ್ಮ ರೇಂಜ್‌ನ (ಆ ಹಂತಕ್ಕೆ ನೀವು ತರಬಹುದಾದ ಎಲ್ಲ ಕೈಗಳ) ಮೂರನೇ ಎರಡು ಭಾಗ ಉಳಿಯಬೇಕು, ಪೂರ್ತಿ ಪಾಟ್‌ಗೆ ಅರ್ಧ, ಎರಡು ಪಾಟ್‌ಗೆ ಮೂರನೇ ಒಂದು ಭಾಗ.

ಈ ಸೂತ್ರವನ್ನು ಜನ ತಪ್ಪಾಗಿ ಬಳಸುವುದೇ ಹೆಚ್ಚು. ಇದು ಇಡೀ ರೇಂಜ್‌ನ ಲೆಕ್ಕ. ನಿಮ್ಮ ಕೈಯಲ್ಲಿರುವ ಈ ಎರಡೆಲೆ ಆ ಪಾಲಿನೊಳಗೆ ಬರುತ್ತವೆಯೇ ಎಂಬುದನ್ನು ಇದು ಹೇಳುವುದಿಲ್ಲ. ಫ್ಲಾಪ್ ಮತ್ತು ಟರ್ನ್‌ನಲ್ಲಿ ಬ್ಲಫ್ ಎಲೆಗಳಿಗೂ ಗೆಲ್ಲುವ ಅವಕಾಶ ಉಳಿದಿರುವುದರಿಂದ ಸೂತ್ರ ಅಲ್ಲಿ ಸ್ಥೂಲ ಮಾತ್ರ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಲಫ್ ಮಾಡುವುದೇ ಇಲ್ಲದ ಎದುರಾಳಿಯ ಮುಂದೆ ಸೂತ್ರ ಹೇಳಿತೆಂದು ಕಾಲ್ ಮಾಡುವುದು ದುಡ್ಡು ಎಸೆದಂತೆ. ಎದುರಾಳಿಯ ಬಗ್ಗೆ ಏನೂ ಗೊತ್ತಿಲ್ಲದಾಗ ಇದು ರಕ್ಷಣೆ. ಗೊತ್ತಿದ್ದಾಗ ಅವನ ಕಾಂಬೋಗಳನ್ನು ಎಣಿಸುವುದೇ ಸರಿ.

ಬಿಗ್ ಬ್ಲೈಂಡ್‌ನಲ್ಲಿ ಕೂತಾಗ ಕೆಟ್ಟ ಎಲೆಗೂ ಕಾಲ್ ಮಾಡಬೇಕೇ? ಬೆಲೆ ಚೆನ್ನಾಗಿದೆಯಲ್ಲ?

ಬಟನ್ 2 ಬ್ಲೈಂಡ್‌ಗೆ ರೇಸ್ ಮಾಡಿದರೆ ನೀವು 1 ಹಾಕಿ 4ರ ಪಾಟ್ ನೋಡುತ್ತೀರಿ, 25% ಸಾಕು. 2.5ಕ್ಕೆ 30%, 3ಕ್ಕೆ 33.3%. ಇನ್ನೊಂದು ಕಡೆ, ಹೋಲ್ಡೆಮ್‌ನ ಅತಿ ದುರ್ಬಲ ಹೆಡ್ಸ್-ಅಪ್ ಕೈಯಾದ ಬೇರೆ ಬೇರೆ ಸೂಟ್‌ನ 3-2 ಕೂಡ ಯಾವುದೋ ಎರಡೆಲೆಯ ಎದುರು ಸುಮಾರು 32% ಗೆಲ್ಲುತ್ತದೆ. ಲೆಕ್ಕ ನೋಡಿದರೆ ಎಲ್ಲವನ್ನೂ ಆಡಬಹುದು ಅನಿಸುತ್ತದೆ.

ಆದರೆ ಆ 32% ಐದೂ ಎಲೆ ಬರುವವರೆಗೆ ಪುಕ್ಕಟೆ ಕೂತಿದ್ದರೆ ಸಿಗುವ ಪಾಲು. ವಾಸ್ತವದಲ್ಲಿ ಫ್ಲಾಪ್‌ನಲ್ಲಿ ಬೆಟ್ ಬರುತ್ತದೆ, ನೀವು ಫೋಲ್ಡ್ ಮಾಡುತ್ತೀರಿ, ರಿವರ್‌ನಲ್ಲಿ ಕೂಡಬಹುದಾಗಿದ್ದ ಜೋಡಿ ಕಾಣುವುದೇ ಇಲ್ಲ. ಮೊದಲು ಆಡಬೇಕಾದ ಜಾಗದಲ್ಲಿ ಕೂತವನಿಗೆ ಈ ನಷ್ಟ ಹೆಚ್ಚು. ಹಾಗಾಗಿ ಒಂದೇ ಸೂಟ್‌ನ, ಒಂದರ ಪಕ್ಕ ಒಂದು ಬರುವ ಎಲೆಗಳು ಕಾಗದದ ಮೇಲಿನ ಪಾಲಿನ ಹತ್ತಿರ ಪಡೆಯುತ್ತವೆ. ಬೇರೆ ಬೇರೆ ಸೂಟ್‌ನ, ದೂರದೂರದ ಸಣ್ಣ ಎಲೆಗಳು ಪಡೆಯುವುದಿಲ್ಲ. 2ರ ರೇಸ್‌ಗೆ ತೀರ ಕೊಳೆ ಎಲೆಗಳನ್ನು ಮಾತ್ರ ಬಿಡಿ, 3ರ ರೇಸ್‌ಗೆ ಧಾರಾಳವಾಗಿ ಬಿಡಿ.

ಒಂದು ರಿವರ್ ನಿರ್ಧಾರವನ್ನು ಮೊದಲಿಂದ ಕೊನೆವರೆಗೆ ಬಿಡಿಸಿ ತೋರಿಸುತ್ತೀರಾ?

ಬ್ಲೈಂಡ್ 50/100, ಇಬ್ಬರ ಬಳಿಯೂ 10,000. ಬಟನ್ 250ಕ್ಕೆ ರೇಸ್, ಬಿಗ್ ಬ್ಲೈಂಡ್‌ನಲ್ಲಿ ನೀವು ಕೆ♦10♦ ಹಿಡಿದು ಕಾಲ್. ಪಾಟ್ 500.

ಫ್ಲಾಪ್ ಕೆ♠9♥4♦. ನೀವು ಚೆಕ್, ಅವನು 250, ನೀವು ಕಾಲ್. ಪಾಟ್ 1,000.
ಟರ್ನ್ 7♣. ಚೆಕ್, ಅವನು 750, ಕಾಲ್. ಪಾಟ್ 2,500.
ರಿವರ್ 2♠. ಚೆಕ್, ಅವನು 2,500.

ಬೆಲೆ: 2,500 ಹಾಕಿ 7,500ರ ಪಾಟ್. 33.3% ಬೇಕು.

ಈಗ ಅವನ ನಿಜವಾದ ಕೈಗಳು. ಬೋರ್ಡ್‌ನಲ್ಲಿ ಫ್ಲಶ್ ಇಲ್ಲ, ಸ್ಟ್ರೇಟ್ ಕೂಡ ಸಾಧ್ಯವಿಲ್ಲ. ನಾಲ್ಕು ರಾಜರಲ್ಲಿ ಒಂದು ಬೋರ್ಡ್ ಮೇಲೆ, ಒಂದು ನಿಮ್ಮ ಕೈಯಲ್ಲಿ, ಉಳಿದವು ಎರಡು. ಕೆಕೆ 1 ಕಾಂಬೋ. 99, 77, 44 ತಲಾ 3, ಒಟ್ಟು 9. ಎಕೆ 8. ಎಎ 6. ಕೆ9, ಕೆ7, ಕೆ4 ತಲಾ 6, ಒಟ್ಟು 18. 97 ಎರಡು ಜೋಡಿ 9. ಎಲ್ಲ ಕೂಡಿದರೆ 51. 22 ಅನ್ನು ಬಿಟ್ಟಿದ್ದೇವೆ, ರಾಜ ಬಿದ್ದ ಬೋರ್ಡ್‌ನಲ್ಲಿ ಅದು ಎರಡು ಸಲ ಬೆಟ್ ಮಾಡಿ ಬರುವುದು ಅಪರೂಪ. ಕೆಕ್ಯೂ, ಕೆಜೆ ನಿಮ್ಮನ್ನು ಸೋಲಿಸುತ್ತವೆ ನಿಜ, ಆದರೆ ಬಹುತೇಕರು ಅವುಗಳಿಗೆ ಇಲ್ಲಿ ಇಷ್ಟು ದೊಡ್ಡ ಮೊತ್ತ ಹಾಕುವುದಿಲ್ಲ. ನಿಮ್ಮ ಎದುರಾಳಿ ಹಾಕುವವನಾದರೆ ಇನ್ನೂ 16 ಸೇರಿಸಿ.

ಆಮೇಲೆ ಕೂಡದೆ ಹೋದ ಡ್ರಾಗಳು. ಕ್ಯೂಜೆ 16. ಕ್ಯೂ10 12, ಜೆ10 12, 108 12. ಹತ್ತು ಒಂದು ನಿಮ್ಮ ಬಳಿ ಇರುವುದರಿಂದ ಇವು ಮೂರೂ 16ರಿಂದ 12ಕ್ಕೆ ಇಳಿದಿವೆ. 86 16, 65 16. ಒಟ್ಟು 84.

ಪ್ರಶ್ನೆ ಈಗ ನಿಚ್ಚಳವಾಗಿದೆ. 51 ನಿಜವಾದ ಕೈಗಳಿಗೆ ಸಮತೋಲನದ ಬ್ಲಫ್ ಸಂಖ್ಯೆ ಅದರ ಅರ್ಧ, ಅಂದರೆ 25 ಅಥವಾ 26. ಅವನ ಬಳಿ ಬ್ಲಫ್ ಮಾಡಬಹುದಾದ 84 ಕಾಂಬೋಗಳಿವೆ. ಅದರಲ್ಲಿ ಮೂರನೇ ಒಂದು ಭಾಗದಷ್ಟು ಬೆಟ್ ಮಾಡಿದರೂ ನಿಮ್ಮ ಕಾಲ್ ಲಾಭದ್ದು. ಕ್ಯೂಜೆ ಮತ್ತು ಜೆ10 ಮಾತ್ರ ಬ್ಲಫ್ ಮಾಡುತ್ತಾನೆ ಎಂದುಕೊಳ್ಳಿ: 28 ಬ್ಲಫ್, 79ರಲ್ಲಿ 28 ಅಂದರೆ 35.4%, ಕಾಲ್‌ನ ನಿರೀಕ್ಷಿತ ಲಾಭ ಸುಮಾರು 158. 20 ಮಾತ್ರ ಬ್ಲಫ್ ಮಾಡುವವನಾದರೆ 28.2%, ನಷ್ಟ ಸುಮಾರು 387.

ಎಂಟು ಕಾಂಬೋಗಳ ವ್ಯತ್ಯಾಸಕ್ಕೆ ಐದು ಬ್ಲೈಂಡ್‌ಗಿಂತ ಹೆಚ್ಚು ಏರುಪೇರು. ಆದ್ದರಿಂದ ಪಂದ್ಯದ ನಡುವೆ ಕೇಳಿಕೊಳ್ಳಬೇಕಾದ್ದು ಒಂದೇ: ಈ ಮನುಷ್ಯ ಕೂಡದೆ ಹೋದ ಡ್ರಾಗಳನ್ನು ರಿವರ್‌ನಲ್ಲಿ ಬಿಟ್ಟುಕೊಡುತ್ತಾನೋ, ಮೂರನೇ ಗುಂಡನ್ನೂ ಹಾರಿಸುತ್ತಾನೋ? ಹಿಂದಿನ ಕೈಗಳಲ್ಲಿ ಅವನು ರಿವರ್‌ನಲ್ಲಿ ಚೆಕ್ ಮಾಡಿ ಸೋತಾಗ ತೋರಿಸಿದ ಎಲೆಗಳು ಇದಕ್ಕೆ ಉತ್ತರ ಕೊಡುತ್ತವೆ. ಅವನು ಚೆಕ್ ಮಾಡಿ 86 ತೋರಿಸಿದ್ದನ್ನು ಎರಡು ಸಲ ನೋಡಿದ್ದರೆ ಆ 16 ಕಾಂಬೋಗಳ ಬಹುಪಾಲನ್ನು ಪಟ್ಟಿಯಿಂದ ತೆಗೆದುಹಾಕಿ.

ಅದೇ ಜಾಗದಲ್ಲಿ ಕೆ♦3♦ ಇದ್ದಿದ್ದರೆ?

ಇನ್ನೂ ಒಳ್ಳೆಯ ಕಾಲ್. ಇದು ಹೊಸಬರಿಗೆ ನಂಬಲು ಕಷ್ಟ. ಮೇಲಿನ 51 ಕೈಗಳಲ್ಲಿ ಒಂದನ್ನೂ ಕೆ10 ಸೋಲಿಸುವುದಿಲ್ಲ, ಕೆ3 ಕೂಡ ಸೋಲಿಸುವುದಿಲ್ಲ. ಬ್ಲಫ್‌ಗಳನ್ನು ಎರಡೂ ಸೋಲಿಸುತ್ತವೆ. ಕಿಕ್ಕರ್‌ಗೆ (ಜೋಡಿಯ ಪಕ್ಕದ ಎಲೆಗೆ) ಇಲ್ಲಿ ಕೆಲಸವಿಲ್ಲ. ಆದರೆ ನಿಮ್ಮ 10♦ ಅವನ ಬ್ಲಫ್‌ಗಳಿಂದ 12 ಕಾಂಬೋ ಕಿತ್ತುಕೊಂಡಿತ್ತು. 3 ಇದ್ದರೆ ಬ್ಲಫ್ ಆಗಬಹುದಾದವು 96, ನಿಜವಾದ ಕೈಗಳು ಅದೇ 51.

ಬ್ಲಾಕರ್ ಲೆಕ್ಕ ಅಂದರೆ ಇದು. ಕಾಲ್ ಮಾಡುವಾಗ ಅವನ ನಿಜವಾದ ಕೈಗಳನ್ನು ತಡೆಯುವ, ಬ್ಲಫ್‌ಗಳನ್ನು ತಡೆಯದ ಎಲೆ ಒಳ್ಳೆಯದು. ಬ್ಲಫ್ ಮಾಡುವಾಗ, ಅವನು ಕಾಲ್ ಮಾಡಬಹುದಾದ ಕೈಗಳನ್ನು ತಡೆಯುವ ಎಲೆ ಒಳ್ಳೆಯದು. ನಿರ್ಧಾರ ತೂಗುಯ್ಯಾಲೆಯಲ್ಲಿ ಇರುವಾಗ ಮಾತ್ರ ಈ ಲೆಕ್ಕಕ್ಕೆ ಬೆಲೆ. ಬ್ಲಫ್ ಮಾಡದವನ ಎದುರು ಎಂಥ ಬ್ಲಾಕರ್ ಇದ್ದರೂ ಫೋಲ್ಡೇ.

2003ರಲ್ಲಿ ಮನಿಮೇಕರ್ ಫರ್ಹಾಗೆ ಮಾಡಿದ ಬ್ಲಫ್ ನಿಜಕ್ಕೂ ಒಳ್ಳೆಯ ಆಟವೇ?

ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂನಲ್ಲಿ ನಡೆದ 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮೇನ್ ಈವೆಂಟ್. 839 ಜನ ಕೂತು ಕೊನೆಗೆ ಇಬ್ಬರು ಉಳಿದರು: ಇಂಟರ್ನೆಟ್ ಸ್ಯಾಟಲೈಟ್ (ಅರ್ಹತಾ ಪಂದ್ಯ) ಗೆದ್ದು ಬಂದ ಕ್ರಿಸ್ ಮನಿಮೇಕರ್, ವೃತ್ತಿಪರ ಆಟಗಾರ ಸ್ಯಾಮ್ ಫರ್ಹಾ. ಮನಿಮೇಕರ್ ಕೆ♠7♥ ಹಿಡಿದು 1 ಲಕ್ಷಕ್ಕೆ ರೇಸ್ ಮಾಡಿದರು, ಫರ್ಹಾ ಕ್ಯೂ♠9♥ನಿಂದ ಕಾಲ್. ಫ್ಲಾಪ್ 9♠2♦6♠, ಇಬ್ಬರೂ ಚೆಕ್. ಟರ್ನ್ 8♠. ಫರ್ಹಾ 3 ಲಕ್ಷ ಬೆಟ್, ಮನಿಮೇಕರ್ 8 ಲಕ್ಷಕ್ಕೆ ರೇಸ್, ಫರ್ಹಾ ಕಾಲ್. ರಿವರ್ 3♥. ಫರ್ಹಾ ಚೆಕ್, ಮನಿಮೇಕರ್ ಆಲ್-ಇನ್. ಬಹಳ ಹೊತ್ತು ಯೋಚಿಸಿ ಫರ್ಹಾ ಟಾಪ್ ಪೇರ್ ಎಸೆದರು.

ಜನ ನೆನಪಿಡುವುದು ರಿವರ್ ಅನ್ನು. ಆದರೆ ಕೈಯ ಬೆನ್ನೆಲುಬು ಟರ್ನ್‌ನ ರೇಸ್. ಆ ಗಳಿಗೆಯಲ್ಲಿ ಮನಿಮೇಕರ್ ಬಳಿ ರಾಜನ ಫ್ಲಶ್ ಡ್ರಾ, ಎರಡೂ ತುದಿ ತೆರೆದ ಸ್ಟ್ರೇಟ್ ಡ್ರಾ ಎರಡೂ ಇದ್ದವು. ಫರ್ಹಾ ಎಲೆಗಳ ಎದುರು ಎಣಿಸಿ ನೋಡಿ: ಇಸ್ಪೀಟ್ (♠) ಎಲೆಗಳು 8, ಇಸ್ಪೀಟ್ ಅಲ್ಲದ ಐದು ಮತ್ತು ಹತ್ತುಗಳು 6, ರಾಜರು 3. ಉಳಿದ 44 ಎಲೆಗಳಲ್ಲಿ 17, ಅಂದರೆ 38.6%. ಎದುರಾಳಿ ಫೋಲ್ಡ್ ಮಾಡಿದರೆ ಸರಿ, ಕಾಲ್ ಮಾಡಿದರೂ ಹತ್ತರಲ್ಲಿ ನಾಲ್ಕು ಸಲದ ಹತ್ತಿರ ಗೆಲುವು. ಸೆಮಿ-ಬ್ಲಫ್‌ಗೆ ಇದಕ್ಕಿಂತ ಒಳ್ಳೆಯ ಎಲೆ ಸಿಗುವುದು ಕಷ್ಟ.

ರಿವರ್‌ನಲ್ಲಿ ಏನೂ ಕೂಡಲಿಲ್ಲ. ಬ್ಲಫ್‌ಗೆ ಯೋಗ್ಯ ಕೈಯೇ ಎಂದರೆ ಹೌದು. ಆ ಬೋರ್ಡ್‌ನಲ್ಲಿ ಸಾಧ್ಯವಿರುವ ಮೂರು ಸ್ಟ್ರೇಟ್‌ಗಳಲ್ಲಿ ಎರಡಕ್ಕೆ ಏಳು ಬೇಕು, 10-7 ಮತ್ತು 7-5. ಮೂರನೆಯದು 5-4. ಮನಿಮೇಕರ್ ಕೈಯಲ್ಲಿ ಒಂದು ಏಳಿದೆ, ರಾಜ ಇಸ್ಪೀಟೂ ಇದೆ. ಸಂಬಂಧವಿಲ್ಲದ ಎರಡೆಲೆ ಹಿಡಿದಿದ್ದರೆ ಎದುರಾಳಿಗೆ ಸಾಧ್ಯವಿದ್ದ ಫ್ಲಶ್ ಮತ್ತು ಸ್ಟ್ರೇಟ್‌ಗಳು 90 ಕಾಂಬೋ. ಕೆ♠7♥ ಹಿಡಿದಾಗ 73.

ಫರ್ಹಾ ಕಡೆಯಿಂದ ನೋಡಿದರೆ ಆ ಫೋಲ್ಡ್ ಅನ್ನು ಬೈಯುವುದು ಅನ್ಯಾಯ. ಆಲ್-ಇನ್ ಪಾಟ್‌ನಷ್ಟೇ ಇದ್ದರೆ 33.3%, ಒಂದೂವರೆ ಪಟ್ಟಾದರೆ 37.5% ಬ್ಲಫ್ ಇರಬೇಕು. ಮೂರು ಇಸ್ಪೀಟ್ ಬಿದ್ದ ಬೋರ್ಡ್‌ನಲ್ಲಿ ಫರ್ಹಾಗೆ ಕಾಣುತ್ತಿದ್ದ ಫ್ಲಶ್‌ಗಳೇ 36 ಕಾಂಬೋ, ಅದರ ಮೇಲೆ 45 ಸ್ಟ್ರೇಟ್‌ಗಳು, ಸೆಟ್‌ಗಳು. ಇಂಟರ್ನೆಟ್‌ನಿಂದ ಬಂದ ಹವ್ಯಾಸಿ ಚಾಂಪಿಯನ್‌ಶಿಪ್‌ನ ಕೊನೆಯ ಘಟ್ಟದಲ್ಲಿ ಒಂಟಿ ಎಕ್ಕ ಅಥವಾ ಒಂಟಿ ರಾಜ ಇಸ್ಪೀಟ್ ಹಿಡಿದು ಎಲ್ಲವನ್ನೂ ಪಣಕ್ಕಿಡುತ್ತಾನೆಯೇ ಎಂಬ ಒಂದೇ ಅಂದಾಜಿನ ಮೇಲೆ ಅದು ನಿಂತಿತ್ತು.

1988ರಲ್ಲಿ ಜಾನಿ ಚಾನ್ ಮಾಡಿದಂತೆ ಬಲವಾದ ಕೈ ಸಿಕ್ಕಾಗ ಚೆಕ್ ಮಾಡುತ್ತ ಹೋಗುವುದು ಸರಿಯೇ?

ಅದು 1988ರ ವರ್ಲ್ಡ್ ಸೀರೀಸ್ ಮೇನ್ ಈವೆಂಟ್‌ನ ಕೊನೆಯ ಕೈ. ಚಾನ್ ಬಳಿ ಜೆ♣9♣, ಎರಿಕ್ ಸೈಡೆಲ್ ಬಳಿ ಕ್ಯೂ♣7♥. ಫ್ಲಾಪ್ ಕ್ಯೂ♠10♥8♦: ಚಾನ್‌ಗೆ ಆಗಲೇ ಅತ್ಯುನ್ನತ ಸ್ಟ್ರೇಟ್. ಟರ್ನ್ 2♠, ರಿವರ್ 6♦ ಏನನ್ನೂ ಬದಲಿಸಲಿಲ್ಲ. ಚಾನ್ ಚೆಕ್ ಮಾಡಿದರು, ಸೈಡೆಲ್ ಆಲ್-ಇನ್ ಹೋದರು, ಪಂದ್ಯ ಮುಗಿಯಿತು. ಈ ಚೆಕ್ ಫಲಿಸಲು ಸೈಡೆಲ್ ಬಳಿ ಬೆಟ್ ಮಾಡುವಂಥ ಟಾಪ್ ಪೇರ್ ಇದ್ದುದೇ ಕಾರಣ. ಎದುರಾಳಿ ತಾನಾಗಿ ಬೆಟ್ ಮಾಡುವವನಾದರೆ, ಸ್ಟ್ಯಾಕ್ ಪಾಟ್‌ಗೆ ಹೋಲಿಸಿದರೆ ಚಿಕ್ಕದಾದರೆ ಚೆಕ್ ಲಾಭದಾಯಕ. ಸ್ಟ್ಯಾಕ್ ಆಳವಾಗಿದ್ದು ಎದುರಾಳಿ ಸುಮ್ಮನೆ ಕಾಲ್ ಮಾಡುತ್ತ ಕೂರುವವನಾದರೆ, ಒಂದು ಸುತ್ತು ಬೆಟ್ ತಪ್ಪಿಸಿದರೂ ಪೂರ್ತಿ ಸ್ಟ್ಯಾಕ್ ಒಳಗೆ ಬರುವುದಿಲ್ಲ.

ಪೂರ್ತಿ ಸ್ಟ್ಯಾಕ್ ಒಳಗೆ ತರಲು ಎಷ್ಟು ದೊಡ್ಡ ಬೆಟ್ ಬೇಕು?

ಮೇಲಿನ ಕೆ♦10♦ ಉದಾಹರಣೆಯಲ್ಲಿ ಫ್ಲಾಪ್ ಬಿದ್ದಾಗ ಪಾಟ್ 500, ಉಳಿದ ಸ್ಟ್ಯಾಕ್ 9,750. ಮೂರೂ ಸುತ್ತು ಪಾಟ್‌ನಷ್ಟೇ ಬೆಟ್ ಮಾಡಿದರೂ 500, 1,500, 4,500 ಸೇರಿ 6,500 ಮಾತ್ರ ಹೋಗುತ್ತದೆ. ಮೂರು ಸಮಾನ ಅನುಪಾತದಲ್ಲಿ ಎಲ್ಲವನ್ನೂ ಹಾಕಬೇಕೆಂದರೆ ಪ್ರತಿ ಸಲ ಪಾಟ್‌ನ ಸುಮಾರು 1.21 ಪಟ್ಟು ಬೇಕು. ಆಡಿದ ಕೈಗಳನ್ನು ನೋಡುವಾಗ ಈ ಲೆಕ್ಕವನ್ನೂ ಮಾಡಿ. ಸೆಟ್ ಹಿಡಿದು ಮೂರು ಸಲ ಅರ್ಧ ಪಾಟ್ ಹಾಕಿ ಗೆದ್ದೆ ಎಂದು ಖುಷಿಪಡುವವರು ಬಿಟ್ಟುಬಂದ ಮೊತ್ತ ಆಗ ಕಣ್ಣಿಗೆ ಬೀಳುತ್ತದೆ: 250, 500, 1,000 ಸೇರಿ 1,750 ಮಾತ್ರ ಒಳಗೆ ಹೋಗಿರುತ್ತದೆ.

ಸ್ಟ್ಯಾಕ್ 10 ಬ್ಲೈಂಡ್‌ಗೆ ಇಳಿದಾಗ ವಿಶ್ಲೇಷಣೆ ಹೇಗೆ ಬದಲಾಗುತ್ತದೆ?

ಸರಳವಾಗುತ್ತದೆ, ಪೂರ್ತಿ ಲೆಕ್ಕ ಮಾಡಬಹುದು. ಬಟನ್ 10 ಬ್ಲೈಂಡ್ ಆಲ್-ಇನ್ ಹೋದರೆ ಬಿಗ್ ಬ್ಲೈಂಡ್ 9 ಹಾಕಿ 20ರ ಪಾಟ್ ನೋಡುತ್ತಾನೆ: 45% ಬೇಕು. 5 ಬ್ಲೈಂಡ್ ಸ್ಟ್ಯಾಕ್‌ನಲ್ಲಿ 40%, 20 ಬ್ಲೈಂಡ್‌ನಲ್ಲಿ 47.5%.

ಬಟನ್ ಕಡೆಯ ಲೆಕ್ಕ: ಫೋಲ್ಡ್ ಮಾಡಿದರೆ 9.5 ಉಳಿಯುತ್ತದೆ. ಆಲ್-ಇನ್ ಹೋಗಿ ಎದುರಾಳಿ ಬಿಟ್ಟರೆ 11 ಆಗುತ್ತದೆ. ಕಾಲ್ ಮಾಡಿದರೆ 20ರಲ್ಲಿ ನಿಮ್ಮ ಪಾಲು. ಎದುರಾಳಿ 37% ಕೈಗಳಿಂದ ಕಾಲ್ ಮಾಡುತ್ತಾನೆ, ಆ ಕೈಗಳ ಎದುರು ನಿಮ್ಮ ಎಲೆ 36% ಗೆಲ್ಲುತ್ತದೆ ಎನ್ನಿ. 0.63 ಗುಣಿಸು 11, ಅದಕ್ಕೆ 0.37 ಗುಣಿಸು 7.2 ಸೇರಿಸಿದರೆ ಸುಮಾರು 9.59. ಫೋಲ್ಡ್‌ಗಿಂತ 0.09 ಬ್ಲೈಂಡ್ ಲಾಭ. ಗೆಲುವಿನ ಪಾಲು ಅಷ್ಟೇ ಇದ್ದು ಅವನು 50% ಕಾಲ್ ಮಾಡುವವನಾದರೆ 9.1ಕ್ಕೆ ಇಳಿದು 0.4 ನಷ್ಟ. ನ್ಯಾಶ್ ಚಾರ್ಟ್ (ಎಷ್ಟು ಸ್ಟ್ಯಾಕ್‌ಗೆ ಯಾವ ಕೈಯಿಂದ ಆಲ್-ಇನ್ ಎಂದು ಹೇಳುವ ಪಟ್ಟಿ) ನೋಡಿ ಆಲ್-ಇನ್ ಹೋಗುವವರು ಮರೆಯುವುದು ಇದನ್ನೇ. ಧಾರಾಳವಾಗಿ ಕಾಲ್ ಮಾಡುವವನ ಎದುರು ಚಾರ್ಟ್‌ನ ಅಂಚಿನ ಕೈಗಳನ್ನು ಕತ್ತರಿಸಬೇಕು. ಆಂಟೆ ಇರುವ ಆಟಕ್ಕೆ ಆಂಟೆ ಇಲ್ಲದ ಚಾರ್ಟ್ ಬಳಸುವುದು ಇನ್ನೊಂದು ಸಾಮಾನ್ಯ ತಪ್ಪು.

ಟೂರ್ನಮೆಂಟ್‌ನ ಕೊನೆಯ ಇಬ್ಬರಾದಾಗ ಬಹುಮಾನದ ಒತ್ತಡವನ್ನೂ ಲೆಕ್ಕ ಹಾಕಬೇಕೇ?

ಬೇಡ. ಎರಡನೇ ಬಹುಮಾನ ಇಬ್ಬರಿಗೂ ಖಾತ್ರಿಯಾಗಿದೆ, ಪೈಪೋಟಿ ಇರುವುದು ಎರಡು ಬಹುಮಾನಗಳ ನಡುವಿನ ವ್ಯತ್ಯಾಸಕ್ಕೆ ಮಾತ್ರ. ಚಿಪ್ ಹೆಚ್ಚಿದಷ್ಟೇ ಅನುಪಾತದಲ್ಲಿ ಅದರ ಬೆಲೆಯೂ ಹೆಚ್ಚುತ್ತದೆ. ಮೂವರಿದ್ದಾಗ ಸರಿಯಾಗಿದ್ದ ಬಿಗಿ ಫೋಲ್ಡ್‌ಗಳನ್ನು ಇಬ್ಬರಾದ ಮೇಲೂ ಮುಂದುವರಿಸುವುದು ದೊಡ್ಡ ಸೋರಿಕೆ.

ಸಾಲ್ವರ್ ಬಳಸುವಾಗ ಎಲ್ಲಿ ಎಡವುತ್ತಾರೆ?

ಮೊದಲ ಎಡವು ರೇಂಜ್‌ನಲ್ಲಿ. ಪಯೋಸಾಲ್ವರ್‌ನಂಥ ತಂತ್ರಾಂಶಕ್ಕೆ ಫ್ಲಾಪ್‌ಗೆ ಬಂದ ರೇಂಜ್‌ಗಳನ್ನು ನೀವೇ ಕೊಡಬೇಕು. ಆರು ಜನರ ಟೇಬಲ್‌ನ ಬಿಗಿ ರೇಂಜ್ ಕೊಟ್ಟರೆ ಮೇಲಿನ ಉದಾಹರಣೆಯ 86, 65ಗಳೆಲ್ಲ ಮಾಯವಾಗಿ, ಕೆ10 ಫೋಲ್ಡ್ ಎಂಬ ಉತ್ತರ ಬರಬಹುದು. ಎರಡನೆಯದು ಬೆಟ್ ಗಾತ್ರ: ಎದುರಾಳಿ ನಿಜವಾಗಿ ಹಾಕಿದ ಗಾತ್ರ ಪಟ್ಟಿಯಲ್ಲಿ ಇರಲೇಬೇಕು. ಶುರುವಿಗೆ ಮೂರನೇ ಒಂದು, ಮುಕ್ಕಾಲು, ಒಂದೂವರೆ ಪಾಟ್ ಸಾಕು. ಉತ್ತರದ ದೋಷ ಪಾಟ್‌ನ 0.5%ಕ್ಕಿಂತ ಕೆಳಗೆ ಬರುವವರೆಗೆ ಓಡಿಸಿ.

ಉತ್ತರ ಓದುವಾಗ ಶೇಕಡಾವಾರು ಆವರ್ತನಕ್ಕಿಂತ ನಿರೀಕ್ಷಿತ ಮೌಲ್ಯ ನೋಡಿ. ಒಂದು ಕೈಯನ್ನು 60% ಕಾಲ್, 40% ಫೋಲ್ಡ್ ಎಂದು ತೋರಿಸಿದರೆ ಎರಡರ ಮೌಲ್ಯವೂ ಹೆಚ್ಚುಕಡಿಮೆ ಒಂದೇ. ನೀವು ಫೋಲ್ಡ್ ಮಾಡಿದ್ದು ತಪ್ಪಲ್ಲ. ಮೌಲ್ಯದಲ್ಲಿ ಅರ್ಧ ಬ್ಲೈಂಡ್‌ಗಿಂತ ಹೆಚ್ಚು ಕಳೆದ ನಿರ್ಧಾರಗಳನ್ನು ಮಾತ್ರ ಪಟ್ಟಿ ಮಾಡಿ. ಕೊನೆಯ ಹಂತವಾಗಿ ನೋಡ್-ಲಾಕ್ ಬಳಸಿ: ಎದುರಾಳಿ ರಿವರ್‌ನಲ್ಲಿ ಕಡಿಮೆ ಬ್ಲಫ್ ಮಾಡುವಂತೆ ಕಟ್ಟಿಹಾಕಿ ಮತ್ತೆ ಓಡಿಸಿ. ನಿಮ್ಮ ಉತ್ತರ ಎಷ್ಟು ಬದಲಾಗುತ್ತದೆ ಎಂಬುದೇ ನಿಜವಾದ ಪಾಠ.

ಕಂಪ್ಯೂಟರ್ ಈ ಆಟವನ್ನು ಪೂರ್ತಿ ಬಿಡಿಸಿಬಿಟ್ಟಿದೆಯೇ?

ಬಿಡಿಸಿರುವುದು ಲಿಮಿಟ್ ಆವೃತ್ತಿಯನ್ನು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸೆಫಿಯಸ್ ಎಂಬ ತಂತ್ರಾಂಶ ಹೆಡ್ಸ್-ಅಪ್ ಲಿಮಿಟ್ ಹೋಲ್ಡೆಮ್‌ಗೆ ಬಹುತೇಕ ಪೂರ್ಣ ಪರಿಹಾರ ಕೊಟ್ಟಿತು. ನೋ-ಲಿಮಿಟ್‌ನಲ್ಲಿ ಯಾವ ಮೊತ್ತವನ್ನಾದರೂ ಹಾಕಬಹುದಾದ್ದರಿಂದ ಆಟದ ಕವಲುಗಳು ಎಣಿಕೆ ಮೀರುತ್ತವೆ. ಆದರೂ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನೋಮ್ ಬ್ರೌನ್ ಮತ್ತು ಟುವೊಮಾಸ್ ಸ್ಯಾಂಡ್‌ಹೋಮ್ ಕಟ್ಟಿದ ಲಿಬ್ರಾಟಸ್, 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಾಲ್ವರು ವೃತ್ತಿಪರರ ವಿರುದ್ಧ 1,20,000 ಕೈ ಆಡಿ 17,66,250 ಚಿಪ್ ಗೆದ್ದಿತು. ಬ್ಲೈಂಡ್ 50/100 ಆದ್ದರಿಂದ ನೂರು ಕೈಗೆ 14.7 ಬಿಗ್ ಬ್ಲೈಂಡ್. ಅದೃಷ್ಟದ ಪಾಲು ತಗ್ಗಿಸಲು, ಒಬ್ಬ ಆಟಗಾರನಿಗೆ ಬಂದ ಎಲೆಗಳನ್ನೇ ಇನ್ನೊಬ್ಬನ ಪಂದ್ಯದಲ್ಲಿ ಯಂತ್ರಕ್ಕೆ ಕೊಟ್ಟಿದ್ದರು. ಪ್ರತಿ ಕೈಯ ಆರಂಭದಲ್ಲೂ ಇಬ್ಬರ ಬಳಿಯೂ 200 ಬ್ಲೈಂಡ್. ಪಾಟ್‌ಗಿಂತ ಎಷ್ಟೋ ಪಟ್ಟು ದೊಡ್ಡ ಬೆಟ್‌ಗಳನ್ನು ಅದು ಹಿಂಜರಿಯದೆ ಬಳಸಿತು.

ಎಷ್ಟು ಕೈ ಆಡಿದರೆ ಯಾರು ಮೇಲು ಎಂದು ಹೇಳಬಹುದು?

ಜನ ಅಂದುಕೊಳ್ಳುವುದಕ್ಕಿಂತ ಬಹಳ ಹೆಚ್ಚು. ನೂರು ಕೈಗೆ 100 ಬ್ಲೈಂಡ್ ಸ್ಟ್ಯಾಂಡರ್ಡ್ ಡೀವಿಯೇಶನ್ (ಫಲಿತಾಂಶದ ಏರಿಳಿತದ ಅಳತೆ) ಎಂದಿಟ್ಟುಕೊಳ್ಳಿ. ಹೆಡ್ಸ್-ಅಪ್‌ಗೆ ಇದು ಉಬ್ಬಿಸಿದ ಸಂಖ್ಯೆಯಲ್ಲ. 2,500 ಕೈ ಆದಾಗ ನಿಮ್ಮ ಗೆಲುವಿನ ದರದ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) 20 ಬ್ಲೈಂಡ್. 10,000 ಕೈಗೆ 10. ಲಕ್ಷ ಕೈಗೆ ಸುಮಾರು 3. ವೃತ್ತಿಪರ ಆಟಗಾರರಾದ ಡಗ್ ಪೋಕ್ ಮತ್ತು ಡೇನಿಯಲ್ ನೆಗ್ರಾನು 2020ರ ನವೆಂಬರ್‌ನಿಂದ 2021ರ ಫೆಬ್ರವರಿವರೆಗೆ 200/400 ಡಾಲರ್ ಬ್ಲೈಂಡ್‌ನಲ್ಲಿ 25,000 ಕೈ ಆಡಿದರು. ಪೋಕ್ ಸುಮಾರು 12 ಲಕ್ಷ ಡಾಲರ್ ಗೆದ್ದರು, ಅಂದರೆ ನೂರು ಕೈಗೆ ಸುಮಾರು 12 ಬ್ಲೈಂಡ್. ಅಷ್ಟು ಉದ್ದದ ಪಂದ್ಯದಲ್ಲೂ ಮೇಲಿನ ಲೆಕ್ಕದಂತೆ ಸ್ಟ್ಯಾಂಡರ್ಡ್ ಎರರ್ 6 ಬ್ಲೈಂಡ್ ಹತ್ತಿರ ಇರುತ್ತದೆ. ಒಂದು ರಾತ್ರಿಯ ಮುನ್ನೂರು ಕೈಯಲ್ಲಿ ಗೆದ್ದದ್ದು, ಸೋತದ್ದು ಕೌಶಲದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಮುನ್ನೂರರಲ್ಲಿ ಗುರುತು ಮಾಡಿದ ಹತ್ತು ನಿರ್ಧಾರಗಳು ಹೇಳುತ್ತವೆ.

ಭಾರತದಲ್ಲಿ ಇದನ್ನು ಆನ್‌ಲೈನ್‌ನಲ್ಲಿ ದುಡ್ಡಿಗೆ ಆಡಿ ಅಭ್ಯಾಸ ಮಾಡಬಹುದೇ?

ಇಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದ್ದೋ ಅದೃಷ್ಟದ್ದೋ ಎಂಬ ಭೇದವಿಲ್ಲದೆ ನಿಷೇಧಿಸಿದೆ. ಅಂಥ ಆಟ ಒದಗಿಸುವುದು, ಜಾಹೀರಾತು ಕೊಡುವುದು, ಹಣ ಪಾವತಿಗೆ ನೆರವಾಗುವುದು ಅಪರಾಧ. ಕರ್ನಾಟಕದ 2021ರ ಪೊಲೀಸ್ ತಿದ್ದುಪಡಿಯ ಆನ್‌ಲೈನ್ ಆಟದ ಕಲಮುಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿದ್ದನ್ನು ಹಿಡಿದು ಈಗಲೂ ಅಡ್ಡಿಯಿಲ್ಲ ಎಂದು ವಾದಿಸುವವರು ಈ ಕೇಂದ್ರ ಕಾಯ್ದೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವಿಶ್ಲೇಷಣೆಗೆ ದುಡ್ಡು ಬೇಕಾಗಿಲ್ಲ. ಒಂದು ಕಟ್ಟು ಎಲೆ, ಲೆಕ್ಕಕ್ಕೆ ಮಾತ್ರದ ಚಿಪ್, ಗಂಭೀರವಾಗಿ ಆಡುವ ಒಬ್ಬ ಗೆಳೆಯ, ಪಕ್ಕದಲ್ಲಿ ಕೈಗಳನ್ನು ಬರೆದಿಡಲು ಒಂದು ನೋಟ್‌ಬುಕ್ ಸಾಕು. ಪ್ರತಿ ಕೈಗೂ ಸ್ಟ್ಯಾಕ್ ಅನ್ನು 100 ಬ್ಲೈಂಡ್‌ಗೆ ಮರಳಿಸಿ ಆಡಿ. ಆಗ ಬರೆದಿಟ್ಟ ಕೈಗಳನ್ನು ಒಂದಕ್ಕೊಂದು ಹೋಲಿಸಬಹುದು.